ಎರಡು ಬೆರಳು ಸಡಿಲದ ಟೈರು

ಮೊದಲು ರಿಮ್ಮು ಕೊಂಡು ಆಮೇಲೆ ಟೈರು ಕೇಳಲು ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಪ್ಪತ್ತಾರು ವರ್ಷದಿಂದ ಟೈರಿನ ಅಂಗಡಿ ನಡೆಸುತ್ತಿದ್ದೇನೆ, ಇಪ್ಪತ್ತಾರು ವರ್ಷದಿಂದಲೂ ಉರಿಯುತ್ತಲೇ ಇದೆ. ಹೊಳೆಯುತ್ತದೆ ಎಂದು ಚಕ್ರ ಕೊಳ್ಳುವುದು, ತಂದು ನನ್ನ ಮೇಜಿನ ಮೇಲೆ ಧೊಪ್ಪೆಂದು ಇಡುವುದು, "ಇದಕ್ಕೆ ಒಳ್ಳೇ ದಪ್ಪ ಟೈರು ಹಾಕಿಬಿಡಿ" ಎನ್ನುವುದು. ಬಾಗಿಲು ಕೊಂಡು ತಂದು, ಇದಕ್ಕೊಂದು ಮನೆ ಕಟ್ಟಿಕೊಡಿ ಎಂದ ಹಾಗೆ.

ಆ ಸೋಮವಾರ ನಾಲ್ಕು ಹೊಸ ರಿಮ್ಮುಗಳನ್ನು ಹಳೇ ಹೊದಿಕೆಯಲ್ಲಿ ಸುತ್ತಿಕೊಂಡು ಬಂದವರು ಬೇರೆ ಯಾರೇ ಆಗಿದ್ದರೂ ನಾಲ್ಕು ಮಾತು ಅಂದು ಕಳಿಸುತ್ತಿದ್ದೆ. ಬಂದವರು ನನ್ನ ಭಾವ, ಅಕ್ಕನ ಗಂಡ. ಬೈದರೆ ಅಕ್ಕನ ಕಿವಿಗೆ ಬೀಳುತ್ತದೆ. ಅವಳ ಹೊಲಿಗೆ ಅಂಗಡಿ ನನ್ನ ಅಂಗಡಿಯಿಂದ ಮೂರನೇ ಬಾಗಿಲು.

ಭಾವನ ವಿಷಯ ಸ್ವಲ್ಪ ಹೇಳಬೇಕು. ಮೂವತ್ತೊಂದು ವರ್ಷ ಅವರು ದೊಡ್ಡಾಸ್ಪತ್ರೆಯ ಶವದ ಗಾಡಿ ಓಡಿಸಿದರು. ಆಸ್ಪತ್ರೆಯ ಗೇಟಿನಿಂದ ಸ್ಮಶಾನದ ಗೇಟಿಗೆ ಸರಿಯಾಗಿ ಏಳು ಕಿಲೋಮೀಟರು, ವೇಗ ಗಂಟೆಗೆ ಇಪ್ಪತ್ತು. ಹಿಂದೆ ಬರುವ ಬಂಧುಗಳು ತಪ್ಪಿಹೋಗಬಾರದು, ಒಳಗೆ ಮಲಗಿದವರು ಅಲುಗಾಡಬಾರದು. ಮಳೆಯೋ ಬಿಸಿಲೋ, ರಸ್ತೆ ಎಷ್ಟೇ ಖಾಲಿ ಇರಲಿ, ಇಪ್ಪತ್ತು ಅಂದರೆ ಇಪ್ಪತ್ತು. ಊರಿನಲ್ಲಿ ಅವರ ಅಡ್ಡಹೆಸರೇ 'ಇಪ್ಪತ್ತು'. ಆ ದಾರಿ ಅವರ ಮೈಗೆ ಎಷ್ಟು ಹತ್ತಿತ್ತೆಂದರೆ ಉಳಿದ ದೂರಗಳನ್ನೂ ಅದರಲ್ಲೇ ಅಳೆಯುತ್ತಿದ್ದರು. "ರೈಲು ನಿಲ್ದಾಣನಾ? ನಮ್ಮ ಮನೆಯಿಂದ ಒಂದೂವರೆ ಸ್ಮಶಾನ" ಎನ್ನುತ್ತಿದ್ದರು. ಹೊಸ ನೆಂಟರು ಬಾಯಿ ಬಿಟ್ಟುಕೊಂಡು ಅಕ್ಕನ ಮುಖ ನೋಡುತ್ತಿದ್ದರು.

ನಿವೃತ್ತಿಯಾದ ಮೂರನೇ ತಿಂಗಳಿಗೆ ಈ ಮಹಾಶಯರು ಮನೆಗೆ ತಂದದ್ದು ಒಂದು ಹಳೇ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತೆ ಕೂತಿರುತ್ತದೆ. ಹತ್ತುವಾಗ ಭಾವನ ಮೊಣಕಾಲು ಲಟಕ್ ಎನ್ನುತ್ತದೆ, ಇಳಿಯುವಾಗ ಯಾರಾದರೂ ಕೈ ಕೊಡಬೇಕು.

"ನೋಡು ನಾದಿನಿ," ಎಂದರು ಭಾವ, ಹೊದಿಕೆ ಬಿಚ್ಚುತ್ತಾ. "ಭಾನುವಾರ ಬೆಳಿಗ್ಗೆ ಹಳೇ ವಿಮಾನದ ಮೈದಾನನ ಕಾರಿನವರಿಗೆ ಬಿಟ್ಟುಕೊಡ್ತಾರೆ. ನೆಟ್ಟಗಿರೋ ಓಟದ ದಾರಿ, ಎದುರಿಗೆ ಒಂದು ನರಪಿಳ್ಳೆ ಬರಲ್ಲ. ಒಂದೇ ಒಂದು ಸಲ ನೂರರವತ್ತು ಮುಟ್ಟಬೇಕು ನಾನು."

"ಯಾಕೆ ಭಾವ, ನೂರಕ್ಕೆ ಹೊಟ್ಟೆ ತುಂಬಲ್ವಾ?"

"ನಮ್ಮ ಗಾಡಿ ಮೀಟರಲ್ಲಿ ನೂರರವತ್ತರ ತನಕ ಅಂಕಿ ಇತ್ತು. ಸೂಜಿ ಇಪ್ಪತ್ತರಲ್ಲೇ ಕೂತಿರೋದು. ಉಳಿದ ಅಂಕಿಗಳೆಲ್ಲ ಮೂವತ್ತೊಂದು ವರ್ಷ ಸುಮ್ಮನೆ ನನ್ನನ್ನೇ ನೋಡ್ತಾ ಇದ್ವು. ಒಂದು ಸಲ ಆ ಕೊನೇ ಅಂಕಿ ಹತ್ರ ಹೋಗಿ ಬರ್ತೀನಿ. ಆಮೇಲೆ ನಿಮ್ಮಕ್ಕ ಕಾರು ಮಾರು ಅಂದ್ರೂ ಮಾರ್ತೀನಿ."

ಅವರು ತಮಾಷೆ ಮಾಡುತ್ತಿರಲಿಲ್ಲ. ನನಗೆ ಬೈಯುವ ಮನಸ್ಸೇ ಹೋಯಿತು.

ನನ್ನ ಅಂಗಡಿಯಲ್ಲಿ ಒಂದು ಕಪ್ಪು ಹಲಗೆ ಇದೆ, ಅಪ್ಪ ಹಾಕಿಸಿದ್ದು. ಬೇರೆ ರಿಮ್ಮು ತಂದವರ ಎದುರಿಗೇ ಅದರ ಮೇಲೆ ಮೂರು ಸಾಲು ಬರೆಯಬೇಕು: ಹಳೇ ಚಕ್ರದ ಒಟ್ಟು ಎತ್ತರ, ಹೊಸದರ ಒಟ್ಟು ಎತ್ತರ, ಎರಡರ ವ್ಯತ್ಯಾಸ. ವ್ಯತ್ಯಾಸ ನೂರಕ್ಕೆ ಮೂರು ದಾಟಿದರೆ ಆ ಟೈರು ಹಾಕುವ ಹಾಗಿಲ್ಲ. ಯಾಕೆಂದರೆ ಕಾರಿನ ಮೀಟರಿಗೆ ಕಣ್ಣಿಲ್ಲ, ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸುತ್ತದೆ ಅಷ್ಟೆ. ಚಕ್ರ ದೊಡ್ಡದಾದರೆ ವೇಗ ಕಡಿಮೆ ತೋರಿಸುತ್ತದೆ, ಚಿಕ್ಕದಾದರೆ ಹೆಚ್ಚು ತೋರಿಸುತ್ತದೆ. ಇದನ್ನು ನಾನು ಎಷ್ಟು ಜನಕ್ಕೆ ಎಷ್ಟು ಸಲ ಕೂಗಿ ಹೇಳಿದ್ದೇನೆಂದರೆ ಮೂರನೇ ಬಾಗಿಲಿನ ಅಕ್ಕನಿಗೂ ಬಾಯಿಪಾಠ ಆಗಿತ್ತು.

ಕಾರಿನ ಜೊತೆ ಬಂದದ್ದು ಹದಿನಾರು ಇಂಚಿನ ರಿಮ್ಮು, ಇನ್ನೂರ ಇಪ್ಪತ್ತೈದು ಮಿಲಿಮೀಟರು ಅಗಲದ ಟೈರು. ಭಾವ ತಂದದ್ದು ಹದಿನೇಳು ಇಂಚು. ರಿಮ್ಮು ಒಂದಿಂಚು ಬೆಳೆದರೆ ಟೈರಿನ ಪಕ್ಕದ ಗೋಡೆ ಅಷ್ಟು ಗಿಡ್ಡವಾಗಬೇಕು, ಆಗ ಒಟ್ಟು ಎತ್ತರ ಹಾಗೇ ಉಳಿಯುತ್ತದೆ. ಅಗಲ ಅದೇ ಇರಲಿ, ಗೋಡೆ ಮಾತ್ರ ಅಗಲದ ನೂರಕ್ಕೆ ಐವತ್ತರ ಬದಲು ನಲವತ್ತೈದು ಎಂದು ತೀರ್ಮಾನಿಸಿದೆ. ಹಲಗೆಯ ಮೇಲೆ ಬರೆದೆ: ಹಳೆಯದು ಆರುನೂರ ಮೂವತ್ತೊಂದು ಮಿಲಿಮೀಟರು, ಹೊಸದು ಆರುನೂರ ಮೂವತ್ತನಾಲ್ಕು. ಕೂದಲೆಳೆಯಷ್ಟು ವ್ಯತ್ಯಾಸ.

"ಇನ್ನೂ ದಪ್ಪದ್ದು ಹಾಕಿದ್ರೆ?" ಎಂದರು ಭಾವ, ಆಸೆಗಣ್ಣಿನಿಂದ.

"ಹಾಕ್ತೀನಿ. ಸ್ಟೇರಿಂಗ್ ತಿರುಗಿಸಿದಾಗೆಲ್ಲ ಮಡ್‌ಗಾರ್ಡಿನ ಒಳಗೆ ಕೆರೆದು ಕೆರೆದು ನಿಮ್ಮ ಹೆಸರು ಬರೆಯುತ್ತೆ, ಪರವಾಗಿಲ್ವಾ?"

ಬುಧವಾರ ಕಾರು ತನ್ನಿ ಎಂದು ಕಳಿಸಿದೆ.

ಅವರು ಬೀದಿಯ ತಿರುವು ದಾಟಿರಲಿಲ್ಲ, ಅಕ್ಕ ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು, ತುಟಿಯ ನಡುವೆ ಎರಡು ಗುಂಡುಸೂಜಿ. ಸೂಜಿ ತೆಗೆಯದೆ ಮಾತಾಡುವುದು ಅವಳಿಗೆ ಒಲಿದ ವಿದ್ಯೆ.

"ಲೇ, ಅವರಿಗೆ ಅರವತ್ತೊಂದು. ಆ ಡಬ್ಬದಲ್ಲಿ ಕೂತು ನೂರರವತ್ತರಲ್ಲಿ ಹೋಗ್ತಾರಂತೆ, ನೀನು ಟೈರು ಹಾಕಿಕೊಡ್ತೀಯಂತೆ. ನನ್ನ ತಂಗಿನೋ ಶತ್ರುನೋ ನೀನು?"

"ನಾನು ಹಾಕ್ದೇ ಇದ್ರೆ ಇನ್ನೊಬ್ಬ ಹಾಕ್ತಾನೆ. ಕೆಟ್ಟದಾಗಿ ಹಾಕ್ತಾನೆ."

ಜಗಳಕ್ಕೆ ಬಂದವಳು ದಡಕ್ಕನೆ ಟೈರಿನ ರಾಶಿಯ ಮೇಲೆ ಕೂತಳು. ಸೂಜಿ ತೆಗೆದು ಟೇಪಿಗೆ ಚುಚ್ಚಿಕೊಂಡಳು. "ಮೂವತ್ತೊಂದು ವರ್ಷ ಅವರು ಗಾಡಿ ತಗೊಂಡು ಹೋದ್ರೆ ನನಗೆ ಒಂದು ದಿನ ಭಯ ಆಗಿಲ್ಲ ಕಣೇ. ಈಗ ಊಟ ಸೇರ್ತಿಲ್ಲ. ಅವರಿಗೇನಾದ್ರೂ ಆದ್ರೆ ನಾನೇನು ಮಾಡ್ಲಿ? ಬೇಡ ಅನ್ನೋಕೂ ಬಾಯಿ ಬರಲ್ಲ. ಇಷ್ಟು ವರ್ಷದಲ್ಲಿ ಅವರಾಗಿ ಬೇಕು ಅಂದಿದ್ದು ಇದೊಂದೇ."

ನಾನು ಪಾನಾ ಒರೆಸುತ್ತಾ ನಿಂತೆ. ಅಕ್ಕ ಮೂಗು ಒರೆಸಿಕೊಂಡು ಹಲಗೆ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಅಳು ನಿಂತಿತು. ಅದು ಒಳ್ಳೆಯ ಲಕ್ಷಣ ಅಲ್ಲ ಎಂದು ನನಗೆ ಚಿಕ್ಕಂದಿನಿಂದ ಗೊತ್ತು.

"ಚಕ್ರ ಚಿಕ್ಕದಾದ್ರೆ ಮೀಟರು ಹೆಚ್ಚು ತೋರಿಸುತ್ತೆ, ಅಲ್ವಾ?"

"ಅಕ್ಕಾ, ಬೇಡ."

"ನನ್ನ ಹತ್ರ ಒಬ್ಬರು ಕೋಟು ಹೊಲಿಸ್ತಾರೆ. ಸೊಂಟ ನಲವತ್ತು. ಮೂವತ್ತೆಂಟೇ ಇರಬೇಕು ಅಂತ ಹಟ. ನಲವತ್ತಕ್ಕೇ ಕತ್ತರಿಸಿ, ಒಳಗೆ ಮೂವತ್ತೆಂಟು ಅಂತ ಚೀಟಿ ಹೊಲೀತೀನಿ. ಅವರಿಗೂ ಸಂತೋಷ, ಗುಂಡಿಗೂ ಸಂತೋಷ. ನೀನೂ ಹಾಗೇ ಒಂದು ಚೀಟಿ ಹೊಲಿದುಬಿಡು."

ಒಂದು ಗಂಟೆ ವಾದ ಮಾಡಿದೆ. ಅಪ್ಪನ ಹಲಗೆ ಎಂದೆ, ನನ್ನ ಮರ್ಯಾದೆ ಎಂದೆ. ಕೊನೆಗೆ ಇನ್ನೂರ ಐದು ಅಗಲ, ನಲವತ್ತರ ಗೋಡೆಯ ಟೈರು ಲೆಕ್ಕ ಹಾಕಿದೆ. ಒಟ್ಟು ಎತ್ತರ ಐನೂರ ತೊಂಬತ್ತಾರು. ನೂರಕ್ಕೆ ಐದೂವರೆ ಕಡಿಮೆ.

"ಸೂಜಿ ನೂರರವತ್ತು ತೋರಿಸುವಾಗ ಕಾರು ಹೋಗ್ತಿರೋದು ನೂರೈವತ್ತೊಂದು."

"ಬರೀ ಒಂಬತ್ತಾ? ಇನ್ನೊಂಚೂರು ಹಿಡಿಯೋಕಾಗಲ್ವಾ?"

"ಇದಕ್ಕಿಂತ ಚಿಕ್ಕದು ಹಾಕಿದ್ರೆ ಕಾರಿನ ಭಾರ ತಡೆಯಲ್ಲ. ಟೈರು ಗಟ್ಟಿಯಾಗಿರಬೇಕು, ಮೀಟರು ಮಾತ್ರ ಸುಳ್ಳು ಹೇಳಬೇಕು. ಅಷ್ಟೇ ನನ್ನ ಕೈಲಾಗೋದು."

ಅಕ್ಕ ಒಂಬತ್ತಕ್ಕೇ ಒಪ್ಪಿಕೊಂಡಳು. ನಾನು ಹಲಗೆ ಒರೆಸಿದೆ.

ಬುಧವಾರ ಟೈರು ಹಾಕಿ ಕಾರು ಕೆಳಗಿಳಿಸಿದಾಗ ಭಾವ ಸುತ್ತು ಬಂದು ನೋಡಿದರು. ಬಗ್ಗಿ ಟೈರಿನ ಮೇಲೆ, ಮಡ್‌ಗಾರ್ಡಿನ ಕೆಳಗೆ ಕೈ ತೂರಿಸಿದರು. "ಮೊದಲಿಗಿಂತ ಜಾಗ ಜಾಸ್ತಿ ಇದೆಯಲ್ಲ?"

"ಎರಡು ಬೆರಳು ಸಡಿಲ ಇರಬೇಕು ರೀ," ಎಂದಳು ಅಕ್ಕ ಬಾಗಿಲಿನಿಂದ. ಯಾರೂ ಅವಳನ್ನು ಕೇಳಿರಲಿಲ್ಲ. "ಬಿಗಿ ಮಾಡಿದ್ರೆ ಕಂಕುಳಲ್ಲಿ ಹಿಡಿಯುತ್ತೆ."

"ಕಾರಿಗೆ ಕಂಕುಳಾ?"

"ತಿರುವಿನಲ್ಲಿ ಉಜ್ಜುತ್ತೆ ಅಂತ ಅವಳು ಹೇಳ್ತಿರೋದು," ಎಂದು ನಾನು ಮಧ್ಯೆ ಬಾಯಿ ಹಾಕಿದೆ. ಭಾವ ತಲೆಯಾಡಿಸಿ ಹಲಗೆಯತ್ತ ತಿರುಗಿದರು.

"ಹಲಗೆ ಖಾಲಿ ಇದೆ?"

"ಸೀಮೆಸುಣ್ಣ ಮುಗಿದುಹೋಗಿದೆ ಭಾವ."

ಅವರು ನನ್ನ ಕಿವಿಯ ಕಡೆ ಒಂದು ಕ್ಷಣ ನೋಡಿದರು. ಆಮೇಲೆ ಕಾರು ಹತ್ತಿ ಹೋದರು. ಅವರು ಹೋದ ಮೇಲೆ ಕಿವಿ ಮುಟ್ಟಿಕೊಂಡೆ. ಸೀಮೆಸುಣ್ಣ ಅಲ್ಲೇ ಸಿಕ್ಕಿಸಿಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಅಕ್ಕನೂ ನಾನೂ ಮೈದಾನಕ್ಕೆ ಹೋದೆವು. ಒಡೆದ ಸಿಮೆಂಟಿನ ಸಂದಿಯಲ್ಲಿ ಹುಲ್ಲು, ಹಗ್ಗದ ಈಚೆ ಜನ, ಸಾಲಾಗಿ ನಿಂತ ಕಾರುಗಳು. ಎಲ್ಲ ಸರಿಯಾಗಿಯೇ ಇತ್ತು. ಆದರೆ ಓಟದ ದಾರಿಯ ನಡುವೆ, ಅಂಚಿನಲ್ಲಿ, ಆಳೆತ್ತರದ ಒಂದು ಫಲಕ ನಿಲ್ಲಿಸಿದ್ದರು. ಕಾರೊಂದು ಭರ್ರೆಂದು ಬಂತು, ಫಲಕದ ಮೇಲೆ ಕೆಂಪು ಅಂಕಿ ಮೂಡಿತು: ನೂರ ಮೂವತ್ತೆಂಟು.

ಆ ಯಂತ್ರ ದೂರದಿಂದಲೇ ವೇಗ ಅಳೆಯುವಂಥದ್ದು. ಅದಕ್ಕೆ ಯಾರ ಟೈರಿನ ಹಂಗೂ ಇಲ್ಲ.

"ಕೆಟ್ಟೆವು ಅಕ್ಕಾ. ಮೀಟರಲ್ಲಿ ನೂರರವತ್ತು ನೋಡಿ ಖುಷಿಯಾಗಿ ಬರ್ತಾರೆ, ಇಲ್ಲಿ ಊರಿನವರ ಎದುರಿಗೆ ನೂರೈವತ್ತೊಂದು ಬರುತ್ತೆ."

"ಫಲಕ ಕೆಟ್ಟಿದೆ ಅಂತ ಹೇಳೋಣ."

"ಎಲ್ಲರಿಗೂ ಸರಿಯಾಗಿ ತೋರಿಸಿ ಇವರಿಗೆ ಮಾತ್ರ ಕೆಡುತ್ತಾ?"

"ಹಾಗಾದ್ರೆ ನೀನೇ ಟೈರು ತಪ್ಪಾಗಿ ಹಾಕಿದೆ ಅಂತೀನಿ" ಎಂದಳು ಒಡಹುಟ್ಟಿದವಳು, ಒಂದು ಕ್ಷಣವೂ ಯೋಚಿಸದೆ.

ಅವಳಿಗೆ ಉತ್ತರ ಕೊಡುವಷ್ಟರಲ್ಲಿ ಕೆಂಪು ಕಾರು ಹೊರಟಿತ್ತು. ಸದ್ದು ಏರಿತು, ಇನ್ನೂ ಏರಿತು. ಅಕ್ಕ ನನ್ನ ಮುಂಗೈಯನ್ನು ಉಗುರು ಊರುವ ಹಾಗೆ ಹಿಡಿದುಕೊಂಡಳು. ಕಾರು ನಮ್ಮ ಮುಂದೆ ಗೆರೆ ಎಳೆದ ಹಾಗೆ ಹೋಯಿತು. ಫಲಕ ನೋಡಿದೆ.

ನೂರರವತ್ತು.

"ಒಂಬತ್ತು ಎಲ್ಲಿ ಹೋಯ್ತೇ?" ಎಂದಳು ಅಕ್ಕ.

ನನಗೇನು ಗೊತ್ತು? ಇಪ್ಪತ್ತಾರು ವರ್ಷದ ಲೆಕ್ಕ ಕಣ್ಣೆದುರಿಗೇ ಸುಳ್ಳಾಗಿತ್ತು.

ಭಾವ ಕಾರು ತಿರುಗಿಸಿಕೊಂಡು ಬಂದು ನಿಲ್ಲಿಸಿದರು. ನಾನು ಕೈ ಕೊಟ್ಟು ಎಬ್ಬಿಸಿದೆ. ಅವರ ಮುಖ ಹಬ್ಬಿದ ನಗೆಯಲ್ಲಿ ಗುರುತು ಸಿಗದ ಹಾಗಿತ್ತು.

"ಭಾವ, ಸೂಜಿ ಎಷ್ಟಿತ್ತು?"

"ನೂರ ಎಪ್ಪತ್ತು."

ಅಕ್ಕ, ನಾನು ಇಬ್ಬರೂ ಹುಲ್ಲು ನೋಡತೊಡಗಿದೆವು.

"ಶುಕ್ರವಾರ ನಮ್ಮ ದಾರಿಯಲ್ಲಿ ಒಂದು ಸಲ ಹೋಗಿ ಬಂದೆ," ಎಂದರು ಭಾವ ನಿಧಾನವಾಗಿ. "ಆಸ್ಪತ್ರೆ ಗೇಟಿಂದ ಸ್ಮಶಾನದ ಗೇಟಿಗೆ ಏಳು ಪಾಯಿಂಟ್ ನಾಲ್ಕು ತೋರಿಸ್ತು. ಮೂವತ್ತೊಂದು ವರ್ಷದಲ್ಲಿ ಆ ಸ್ಮಶಾನ ಒಂದಿಂಚು ಆಚೆ ಹೋಗಿಲ್ಲ. ಹಾಗಾದ್ರೆ ಸುಳ್ಳು ಹೇಳ್ತಿರೋದು ಚಕ್ರ. ಏಳಕ್ಕೆ ಏಳು ಪಾಯಿಂಟ್ ನಾಲ್ಕಾದ್ರೆ, ನೂರರವತ್ತಕ್ಕೆ ನೂರ ಎಪ್ಪತ್ತು ಹತ್ತಿರ. ನನ್ನ ಕಿವಿ ಮೇಲೆ ಹೂವಿಡೋಕೆ ಬಂದ್ರಲ್ಲ ಇಬ್ಬರೂ! ಹೂವಿಡೋಳ ಕಿವಿ ಮೇಲೆ ಸೀಮೆಸುಣ್ಣ ಬೇರೆ!"

"ಅವಳನ್ನ ಬೈಬೇಡಿ, ನಾನೇ ಮಾಡಿಸಿದ್ದು," ಎಂದಳು ಅಕ್ಕ. ಹೇಳಿದವಳೇ ಅಳುತ್ತಾ ಗಂಡನ ತೋಳಿಗೆ ರಪರಪ ಬಾರಿಸಿದಳು. "ನೂರರವತ್ತಂತೆ ನೂರರವತ್ತು! ನನ್ನ ಜೀವ ಬಾಯಿಗೆ ಬಂದಿತ್ತು. ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?"

"ನನಗೋಸ್ಕರ ಅಕ್ಕ ತಂಗಿ ಸೇರಿ ಇಷ್ಟು ಕಷ್ಟಪಟ್ಟಿದ್ದೀರಿ, ಕೆಡಿಸೋದು ಯಾಕೆ ಅಂತ." ಭಾವ ಪೆಟ್ಟು ತಿನ್ನುತ್ತಲೇ ಆ ಕಡೆಯ ಬಾಗಿಲು ತೆಗೆದರು. "ಬಾ, ಕೂತ್ಕೋ. ನಾನು ಓಡಿಸೋವಾಗ ಪಕ್ಕದಲ್ಲಿ ಕೂತು ಮಾತಾಡಿದವರೇ ಇಲ್ಲ. ಒಂದು ಸುತ್ತು ಹೋಗಿ ಬರೋಣ."

ಅಕ್ಕ ನನ್ನನ್ನು ನೋಡಿದಳು, ಫಲಕ ನೋಡಿದಳು, ಎರಡೂ ಕೈಯಲ್ಲಿ ಸೀಟು ಬೆಲ್ಟು ಬಿಗಿ ಮಾಡಿಕೊಂಡು ಕಣ್ಣು ಮುಚ್ಚಿದಳು. ಕಾರು ಹೊರಟಿತು. ನಾನು ಸದ್ದು ಏರುವುದನ್ನೇ ಕಾಯುತ್ತಾ ನಿಂತೆ.

ಸದ್ದು ಏರಲೇ ಇಲ್ಲ. ಹಗ್ಗದ ಈಚೆಯವರು ಕತ್ತು ಚಾಚಿ ನೋಡಿದರು. ಹಿಂದೆ ಸರದಿಯಲ್ಲಿದ್ದವನು ಹಾರನ್ ಒತ್ತಿದ. ಕೆಂಪು ಕಾರು ನೆಟ್ಟಗೆ, ಒಂದಿಷ್ಟೂ ಅಲುಗದೆ, ಬಂಧುಗಳು ಹಿಂದೆ ಬರುತ್ತಿದ್ದಾರೇನೋ ಎಂಬಂತೆ ಬರುತ್ತಿತ್ತು. ಫಲಕದ ಮೇಲೆ ಅಂಕಿ ಮೂಡಿತು: ಇಪ್ಪತ್ತು. ಸೂಜಿ ನೋಡಿ ಓಡಿಸಿದ್ದರೆ ಆ ಟೈರಿಗೆ ಹತ್ತೊಂಬತ್ತು ಬರಬೇಕಿತ್ತು. ಇದು ಕಾಲಿನ ಅಭ್ಯಾಸ. ಜೋಪಾನ ಮಾಡಬೇಕಾದವರು ಗಾಡಿಯಲ್ಲಿದ್ದರೆ ಆ ಕಾಲು ಇಪ್ಪತ್ತು ದಾಟುವಷ್ಟು ಒತ್ತುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ಕಾರು ನನ್ನ ಮುಂದೆ ಬರುವ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟಿದ್ದಳು. ಕಿಟಕಿಯಿಂದ ಅವಳ ದನಿ ಇಡೀ ಮೈದಾನಕ್ಕೆ ಕೇಳಿಸಿತು.

"ರೀ! ನಾನಿನ್ನೂ ಬದುಕಿದೀನಿ ಕಣ್ರೀ! ಸ್ವಲ್ಪ ಜೋರಾಗಿ ಓಡಿಸಿ!"

ಫಲಕದ ಅಂಕಿ ಇಪ್ಪತ್ತೊಂದಾಯಿತು.