ಮಾದಪ್ಪನ ಎಣ್ಣೆಯೂ ಸಯಾಮಿನ ಸೈಕಲ್ಲೂ

ನಾನು ಸೈಕಲ್ಲಿನಲ್ಲಿ ಮೂರು ದೇಶ ಸುತ್ತಿ ಬಂದವನೆಂದು ಊರಿನವರು ಈಗಲೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಸುತ್ತಿದ್ದು ಹೇಗೆಂದು ಯಾರಾದರೂ ಜಗಲಿ ಮೇಲೆ ಕೂತು ಕೇಳಿದರೆ ನನಗೇ ನಗು ಬರುತ್ತದೆ. ಹೊರಟ ಮೂರನೆಯ ದಿನಕ್ಕೆ, ಟೈರಿನ ಗಾಳಿಗಿಂತ ಮೊದಲೇ, ನನ್ನ ಗಾಳಿ ಇಳಿದಿತ್ತು.

ಮೂವತ್ತೊಂಬತ್ತನೆಯ ಇಸವಿ, ಸಂಕ್ರಾಂತಿ ಕಳೆದು ಸುಗ್ಗಿ ಮುಗಿದಿತ್ತು. ನನಗೆ ಇಪ್ಪತ್ತನಾಲ್ಕು ವರ್ಷ. ಬಸರಾಳಿನಲ್ಲಿ ನಮ್ಮದು ಒಕ್ಕಲುತನದ ಮನೆ. ನನ್ನ ಜೊತೆ ಓದಿದ ಅಂಕಯ್ಯ ಮಧುರೆಯ ಒಂದು ನೂಲಿನ ಗಿರಣಿಯಲ್ಲಿ ಗುಮಾಸ್ತನಾಗಿದ್ದ. ಇಬ್ಬರೂ ವರ್ಷವಿಡೀ ಕಾಗದ ಬರೆದು ಗೊತ್ತುಮಾಡಿಕೊಂಡ ದಾರಿ ಇದು: ಸಿಂಹಳ, ಮಲಯ, ಸಯಾಮು. ಧನುಷ್ಕೋಟಿಯಲ್ಲಿ ಸೋಮವಾರದ ಹಡಗು ಹತ್ತಬೇಕು. ಅವನ ಕೊನೆಯ ಕಾಗದದಲ್ಲಿ ಹೀಗಿತ್ತು: “ನೀನು ಬರದಿದ್ದರೆ ನಾನು ಕಾಯುವುದಿಲ್ಲ. ನಮ್ಮ ಸೀಮೆಯಿಂದ ಸೈಕಲ್ಲಿನಲ್ಲಿ ಸಮುದ್ರ ದಾಟಿದ ಮೊದಲಿಗ ನಾನೇ ಆಗಿಬಿಡುತ್ತೇನೆ.”

ಮೊದಲಿಗ ಎಂಬ ಆ ಒಂದು ಮಾತು ನನ್ನ ಅನ್ನ ನಿದ್ದೆ ಕೆಡಿಸಿತು. ಮಂಡ್ಯದಲ್ಲಿ ಬೋರ್ಡು ಬರೆಯುವವನ ಹತ್ತಿರ ಹೋಗಿ, ಒಂದು ತಗಡಿನ ಮೇಲೆ ‘ಸಿಂಹಳ, ಮಲಯ, ಸಯಾಮು. ಪ್ರಥಮ ಸೈಕಲ್ ಸಂಚಾರಿ, ಬಸರಾಳು ಹೊನ್ನಯ್ಯ’ ಎಂದು ಕೆಂಪಕ್ಷರದಲ್ಲಿ ಬರೆಸಿ ಹ್ಯಾಂಡಲಿಗೆ ಕಟ್ಟಿಕೊಂಡೆ. ಹಡಗಿಗೆ ಇನ್ನೂ ಹನ್ನೊಂದು ದಿನ ಇತ್ತು. ಇನ್ನೂ ದೇಶ ನೋಡಿರಲಿಲ್ಲ, ಬೋರ್ಡಿನ ಬಣ್ಣವೂ ಆರಿರಲಿಲ್ಲ.

ಮದ್ದೂರಿನ ರೈಲ್ವೆ ಗೇಟು ಹಾಕಿತ್ತು. ಗೇಟಿನವನು ನನ್ನ ಗಂಟುಮೂಟೆ, ಬೋರ್ಡು ಎಲ್ಲ ನೋಡಿ, “ಏನ್ ಮಾರ್ತೀಯಪ್ಪ, ಅಲ್ಲುಪುಡೀನಾ?” ಎಂದ. ನಾನು ದೇಶಗಳ ಹೆಸರು ಹೇಳಿದೆ. ಅವನು ತಲೆಯಾಡಿಸಿ, “ಅಂಗಾರೆ ಬ್ಯಾಡ ಬುಡು” ಎಂದು ಗೇಟು ಎತ್ತಿದ.

ಅಲ್ಲಿಂದ ನೇರ ಮಳವಳ್ಳಿಗೆ ಹೋಗಬಹುದಿತ್ತು. ಆದರೆ ನೆಂಟರಿಗೆ ತೋರಿಸದ ಕೀರ್ತಿ ಯಾತಕ್ಕೆ? ಕೊಕ್ಕರೆ ಬೆಳ್ಳೂರಿಗೆ ತಿರುಗಿಸಿದೆ. ಅಲ್ಲಿ ನಮ್ಮ ಸೋದರತ್ತೆ ಸಣ್ಣತಾಯಮ್ಮ ಹಿತ್ತಲಿನಲ್ಲಿ ಹುಣಿಸೆಮರದ ಕೆಳಗೆ ಕಸ ಗುಡಿಸುತ್ತಿದ್ದಳು. ಮರದ ತುಂಬ ಕೊಕ್ಕರೆಗಳು ಗೂಡು ಕಟ್ಟಿದ್ದವು.

“ಎಲ್ಲಿಗ್ಲಾ ಒಂಟಿದ್ದೀಯೆ, ದಂಡಿನೋನಂಗೆ?”

“ಮೂರು ದೇಸಕ್ಕೆ ಕಣತ್ತೆ. ಸಮುದ್ರದಾಚೀಕೆ.”

ಅತ್ತೆ ಪೊರಕೆ ಊರಿಕೊಂಡು ಮರದ ಮೇಲೆ ನೋಡಿದಳು. “ಇವೂ ವರ್ಸ ವರ್ಸ ಎಲ್ಲೆಲ್ಲಿಂದ್ಲೋ ಬತ್ತವೆ, ಓಯ್ತವೆ. ಒಂದಾದ್ರೂ ಕತ್ತಿಗೆ ಬೋರ್ಡು ಕಟ್ಕಂಡದಾ ನೋಡ್ಲಾ.”

ಅಷ್ಟರಲ್ಲಿ ಮೇಲಿನಿಂದ ಒಂದು ಕೊಕ್ಕರೆ ತನ್ನ ಅಭಿಪ್ರಾಯವನ್ನು ‘ಪ್ರಥಮ’ ಎಂಬ ಅಕ್ಷರಗಳ ಮೇಲೆಯೇ ಕೆಡವಿತು. ಅತ್ತೆ ನಗುತ್ತಾ ಒಲೆಯ ಬೂದಿ ತಂದು ಉಜ್ಜಿಕೊಟ್ಟಳು. ಹಿಕ್ಕೆಯ ಜೊತೆ ಅರ್ಧ ಬಣ್ಣವೂ ಹೋಯಿತು.

ಮಾರನೆಯ ದಿನ ಮಳವಳ್ಳಿಯ ಅಂಚಿನಲ್ಲಿ ಒಂದು ಮನೆಯ ಮುಂದೆ ನೀರು ಕೇಳಿದೆ. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಮುದುಕಿ ಮರಿತಾಯಮ್ಮ ಚೊಂಬು ಕೊಡಿಸಿ ಕೇಳಿದಳು:

“ಎಲ್ಲಿಗಪ್ಪ? ಮಾದಪ್ಪನ ಬೆಟ್ಟದ ಕಡೀಕಾ?”

ಕೊಳ್ಳೇಗಾಲದ ತನಕ ದಾರಿ ಒಂದೇ. ಅಲ್ಲಿ ಎಡಕ್ಕೆ ಹೋದರೆ ಹನೂರು, ಮಾದಪ್ಪನ ಬೆಟ್ಟ. ಇನ್ನೊಂದು ದಾರಿ ಹಿಡಿದರೆ ಘಾಟಿ ಇಳಿದು ಧನುಷ್ಕೋಟಿ. ಇದನ್ನು ಇಷ್ಟೇ ಹೇಳಿ ನೀರು ಕುಡಿದು ಹೊರಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನಾನು ಎದೆ ಉಬ್ಬಿಸಿ, “ಅಲ್ಲಿಗೋಗೋದು ಏನ್ ಮಹಾ ಕಣಮ್ಮ? ಅದರಾಚೀಕೂ ಓಯ್ತೀನಿ” ಅಂದುಬಿಟ್ಟೆ.

ಮುದುಕಿ ಸೈಕಲ್ಲಿಗೆ ಕೈಮುಗಿದಳು. ಒಳಗಿನಿಂದ ಬಟ್ಟೆ ಬಿಗಿದ ಒಂದು ಸೋರೆಬುರುಡೆ ತರಿಸಿ ನನ್ನ ಕೈಗಿಟ್ಟಳು. ಒಳಗೆ ಎಳ್ಳೆಣ್ಣೆ.

“ಮೂರೊರ್ಸದ ಅರಕೆ ಕಣಪ್ಪ. ಮೊಮ್ಮಗಳ ಕಣ್ಣಬೇನೆ ವಾಸಿಯಾದ್ರೆ ಎಣ್ಣೆಮಜ್ಜನ ಮಾಡುಸ್ತೀನಿ ಅಂದಿದ್ದೆ. ಅದ್ರ ಕಣ್ಣು ಬಂತು, ನನ್ನ ಕಾಲು ಓಯ್ತು. ನೀನೇ ಬಂದೆ ನೋಡು.”

“ಅಮ್ಮಾ, ನಾನು ಸಿಂಹಳಕ್ಕೆ...”

“ಓಗು ಮಗ, ಅಲ್ಲಿಗೂ ಓಗು. ಮಾದಪ್ಪ ಅಡ್ಡ ಬತ್ತನಾ?”

ಕೈ ಚಾಚಿ ಆಗಿತ್ತು. ನಮ್ಮ ಕಡೆ ಹರಕೆಯ ಎಣ್ಣೆಯನ್ನು ಕೈಯಲ್ಲಿ ತೆಗೆದುಕೊಂಡವನೇ ದೇವರಿಗೆ ಮುಟ್ಟಿಸಬೇಕು. ಇನ್ನೊಬ್ಬರಿಗೆ ದಾಟಿಸುವ ಹಾಗಿಲ್ಲ. ಬೀದಿಯವರೆಲ್ಲ ಇದನ್ನು ನೋಡುತ್ತಿದ್ದರು. ಬೀದಿ ದಾಟುವಷ್ಟರಲ್ಲಿ ಐದು ಬುರುಡೆಯಾದವು. ಬೆಳಕವಾಡಿ ಮುಟ್ಟುವಾಗ ಒಂಬತ್ತು. ನನಗಿಂತ ಮುಂದೆ ಬಸ್ಸಿನಲ್ಲಿ ಹೋದವರು ಯಾರೋ ಸುದ್ದಿ ಮುಟ್ಟಿಸಿದ್ದರು.

ಬೆಳಕವಾಡಿಯಲ್ಲಿ ದೊಡ್ಡಸಿದ್ದಯ್ಯ ಎಂಬ ಯಜಮಾನರು ಬರುವ ಅಮಾವಾಸ್ಯೆಗೆ ಗಾಡಿ ಕಟ್ಟಿ ಬೆಟ್ಟಕ್ಕೆ ಹೋಗುವವರೆಂದು ತಿಳಿಯಿತು. ದೇವರೇ ದಾರಿ ತೋರಿಸಿದನೆಂದು, ಪದ್ಧತಿ ಗೊತ್ತಿದ್ದೂ ಓಡಿಹೋಗಿ, ಬುರುಡೆಗಳನ್ನು ಒಯ್ಯಬೇಕೆಂದು ಬೇಡಿಕೊಂಡೆ.

“ಎಣ್ಣೆ ಕೊಟ್ಟದ್ದು ನಿನ್ನ ಕೈಗೋ ನನ್ನ ಕೈಗೋ?”

“ನನ್ನ ಕೈಗೇ, ಯಜಮಾನ್ರೇ.”

“ಅಂಗಾರೆ ನಾನು ಮುಟ್ಟಾಕಿಲ್ಲ.” ಅವರು ತುಸು ಯೋಚಿಸಿದರು. “ಎಂಗೂ ಓಯ್ತಿದ್ದೀಯಲ್ಲಾ, ನಮ್ಮನೇದೂ ಒಂದು ತಗಂಡೋಗು. ನನಗೂ ಗಾಡಿ ಕಟ್ಟೋದು ತಪ್ತದೆ.”

ಹೀಗೆ ಹತ್ತಾಯಿತು.

ಕಾವೇರಿಯ ಹಳೇ ಕಲ್ಲುಸೇತುವೆಯ ಮೇಲೆ ಸೈಕಲ್ ಒರಗಿಸಿ ಕೂತೆ. ಭಾರಕ್ಕೆ ಚೈನು ಕಿರೋ ಎಂದು ಅಳುತ್ತಿತ್ತು. ನನ್ನಲ್ಲಿದ್ದ ಸೈಕಲ್ ಎಣ್ಣೆಯ ಡಬ್ಬಿ ಖಾಲಿಯಾಗಿತ್ತು. ಹತ್ತು ಬುರುಡೆ ಎಣ್ಣೆ ಹೊತ್ತವನಿಗೆ ಚೈನಿಗೆ ಹಾಕಲು ಒಂದು ತೊಟ್ಟು ಇಲ್ಲ! ಕೈ ಒಂದು ಸಲ ಬುರುಡೆಯ ತನಕ ಹೋಯಿತು. ಬಟ್ಟೆ ಬಿಗಿದ ಗಂಟು ಮುಟ್ಟಿ ಹಿಂದಕ್ಕೆ ಬಂತು. ನದಿ ದಾಟಿದರೆ ಮದರಾಸು ಪ್ರಾಂತ್ಯ. ನನ್ನ ಲೆಕ್ಕದಲ್ಲಿ ಪರದೇಶ ಅಲ್ಲಿಂದಲೇ ಸುರು. ಬೆಟ್ಟಕ್ಕೆ ಹೋಗಿಬರಲು ಆರು ದಿನ. ಹೋದರೆ ಸೋಮವಾರದ ಹಡಗು ತಪ್ಪುತ್ತದೆ, ಅಂಕಯ್ಯ ಮೊದಲಿಗನಾಗುತ್ತಾನೆ. ಹೋಗದಿದ್ದರೆ ಮುದುಕಿಯ ಹರಕೆ ಸಿಂಹಳದಲ್ಲಿ ತಿರುಗುತ್ತದೆ. ಬಡಾಯಿ ನನ್ನದು, ಎಣ್ಣೆ ಅವಳದು.

ಕೊಳ್ಳೇಗಾಲದಲ್ಲಿ ಎಡಕ್ಕೆ ತಿರುಗಿದೆ. ಭಕ್ತಿಯಿಂದ ತಿರುಗಿದೆನೆಂದು ಬರೆದರೆ ನನ್ನ ಪಾಪಕ್ಕೆ ಇನ್ನೊಂದು ಸೇರುತ್ತದೆ. ಹುಲಿ ಸವಾರಿ ಮಾಡುವ ದೇವರ ಎಣ್ಣೆ ತಪ್ಪಿಸಿ ಕಾಡುದಾರಿ ಹಿಡಿಯಲು ಧೈರ್ಯ ಬರಲಿಲ್ಲ, ಅಷ್ಟೆ.

ಹನೂರಿನಲ್ಲಿ ಸೈಕಲ್ ಬಿಟ್ಟು, ಬುರುಡೆಗಳನ್ನು ತಲೆಯ ಮೇಲೆ ಹೊತ್ತು ಬೆಟ್ಟದ ಕಾಡು ಹತ್ತಿದೆ. ಪೂಜೆಯ ತಮ್ಮಡಿಯವರು ಒಂದೊಂದೇ ಬುರುಡೆ ಬಿಚ್ಚಿ, ಕೊಟ್ಟವರ ಹೆಸರು ಕೇಳಿ ಮಾದಪ್ಪನಿಗೆ ಎರೆದರು. ಮರಿತಾಯಮ್ಮನ ಹೆಸರನ್ನು ಯಾಕೋ ಎರಡು ಸಲ ಹೇಳಿದೆ. ಮೂರು ವರ್ಷ ಮನೆಯೊಳಗೆ ಕಾದು ಕೂತಿದ್ದ ಎಣ್ಣೆ ಒಂದೇ ಗಳಿಗೆಯಲ್ಲಿ ಇಳಿದು ಹೋಯಿತು. ನಾನು ಎಷ್ಟು ಹೊತ್ತು ನಿಂತೆನೋ ತಿಳಿಯದು. ಸಮುದ್ರವೂ ಹಡಗೂ ಆ ಹೊತ್ತು ನೆನಪಿಗೆ ಬರಲಿಲ್ಲ.

ತಮ್ಮಡಿಯವರು ಮಜ್ಜನದ ಎಣ್ಣೆ ಪ್ರಸಾದವೆಂದು ಒಂದು ಬುರುಡೆಗೆ ಬಿಟ್ಟುಕೊಟ್ಟರು. ಮೆಲ್ಲಗೆ ಕೇಳಿದೆ: “ಬುದ್ಧೀ, ಇದನ್ನ ಸೈಕಲ್ ಚೈನಿಗೆ ಆಕಬೌದಾ?”

“ಒತ್ತು ತಂದ ಎತ್ತಿನ ಕೊಂಬಿಗೆ ಎಣ್ಣೆ ಸವರಾಕಿಲ್ವಾ? ಅಂಗೇ ಕಣಪ್ಪ. ಮೊದ್ಲು ನಿನ್ನ ನೆತ್ತಿಗೆ ಇಟ್ಕೊ.”

ಧನುಷ್ಕೋಟಿ ಮುಟ್ಟುವಾಗ ಅಂಕಯ್ಯ ಹೋಗಿ ಒಂದು ವಾರವಾಗಿತ್ತು. ಅವನು ಉಳಿದಿದ್ದ ಛತ್ರದ ಗೋಡೆಯ ಮೇಲೆ ಇದ್ದಿಲಿನಲ್ಲಿ ಕನ್ನಡ ಬರೆದಿದ್ದ: “ಲೇ ಹೊನ್ನ, ಮೊದಲಿಗ ಹೊರಟ. ಎರಡನೆಯವ ನಿಧಾನವಾಗಿ ಬರಬಹುದು.” ಬೋರ್ಡು ಬಿಚ್ಚಿ ಅಡುಗೆಯವನಿಗೆ ಕೊಟ್ಟೆ, ಅವನು ಅದನ್ನು ಒಲೆಗೆ ಗಾಳಿಮರೆ ಮಾಡಿಕೊಂಡ.

ಸಿಂಹಳವಿಡೀ ನಾನು ಒಂದು ವಾರ ಹಿಂದೆ. ತೆಂಗಿನ ತೋಪಾಗಲಿ ಚಹದ ಗುಡ್ಡವಾಗಲಿ, ನನ್ನನ್ನು ನೋಡಿ ಬೆರಗಾದವರಿಲ್ಲ. “ಹೋದ ವಾರ ಒಬ್ಬ ಬಂದಿದ್ದ” ಎಂದು ಕೈಸನ್ನೆ ಮಾಡಿ, ಅವನ ಮೀಸೆ ತೋರಿಸಿ ನಗುತ್ತಿದ್ದರು. ಇಳಿದುಕೊಂಡ ಕಡೆಯೆಲ್ಲ ಇದ್ದಿಲಿನ ಬರಹ ಸಿಗುತ್ತಿತ್ತು. ಅನುರಾಧಪುರದಲ್ಲಿ: “ಇಲ್ಲಿ ಸಾರು ಚೆನ್ನ. ನೀನು ಎಲ್ಲಿ ಸತ್ತೆ?” ಕ್ಯಾಂಡಿಯಲ್ಲಿ: “ನೀರು ಕಾಯಿಸಿ ಕುಡಿ.” ಕೊಲಂಬೊ ಬಂದರಿನ ಗೋದಾಮಿನ ಗೋಡೆಯಲ್ಲಿ ಬರೀ “ಬೇಗ ಬಾರೋ” ಎಂದಿತ್ತು. ಅದನ್ನು ಓದಿ ಅಲ್ಲೇ ಕೂತುಬಿಟ್ಟೆ.

ಮಲಯದ ಪೆನಾಂಗಿನಲ್ಲಿ ಹಡಗಿಳಿದು, ಚೆಟ್ಟಿಯಾರರ ಛತ್ರಕ್ಕೆ ಸೈಕಲ್ ತಳ್ಳಿಕೊಂಡು ಹೋದರೆ, ಬಾಗಿಲಲ್ಲಿ ಅಂಕಯ್ಯ ಕೂತಿದ್ದ.

“ಕಾಯಾಕಿಲ್ಲ ಅಂದಿದ್ದೆಯಲ್ಲೋ?” ಎಂದೆ.

“ಏಳು ದಿನ ಆಯ್ತು ಕಣ್ಲಾ ಕೂತು. ನಿನ್ನ ಬಯ್ಯೋಣ ಅಂದ್ರೆ ಕನ್ನಡ ತಿಳಿಯೋನು ಒಬ್ಬನೂ ಸಿಕ್ಕಲಿಲ್ಲ. ಬಾ, ಇಲ್ಲೇ ಕುಂತ್ಕೊ” ಎಂದು ಒಂದು ಗಂಟೆ ಬಾಯಿತುಂಬ ಬಯ್ದ. ಅಷ್ಟು ಚೆನ್ನಾದ ಬೈಗುಳ ಊರಿನಲ್ಲೂ ಕೇಳಿರಲಿಲ್ಲ. ಎಣ್ಣೆಯ ಕತೆ ಹೇಳಿದ ಮೇಲೆ, ಬುರುಡೆಯ ತಳದಲ್ಲಿದ್ದ ಪ್ರಸಾದಕ್ಕೆ ಬೆರಳದ್ದಿ ತಲೆಗೆ ಹಚ್ಚಿಕೊಂಡ.

ಅಲ್ಲಿಂದ ಇಬ್ಬರೂ ರಬ್ಬರ್ ತೋಟಗಳ ನಡುವೆ ಬಡಗಲಿಗೆ ತುಳಿದೆವು. ಸಯಾಮಿನ ಗಡಿ ಎಂದರೆ ಒಂದು ಬಿದಿರಿನ ಅಡ್ಡಗೋಲು, ಒಂದು ಚೌಕಿ. ಕಾಗದ ನೋಡಿ ಬಿಟ್ಟರು. ಅಂಕಯ್ಯ ಅಡ್ಡಗೋಲಿನ ಈಚೆಗೇ ಸೈಕಲ್ ನಿಲ್ಲಿಸಿದ.

“ಸಿಂಹಳ, ಮಲಯ ಎರಡೂ ನಂದಾಯ್ತು. ಇದು ನಿಂದು. ನಡಿಯೋ ಮೊದಲಿಗ.”

ಬೇಡವೆನ್ನುವಷ್ಟು ವೈರಾಗ್ಯ ನನಗೆ ಬಂದಿರಲಿಲ್ಲ. ತುಳಿದೆ. ಹತ್ತು ಮಾರು ಹೋಗಿ, ನೋಡಿದವರು ಯಾರೆಂದು ತಿರುಗಿದೆ. ಚೌಕಿಯವನು ಕಣ್ಣು ಮುಚ್ಚಿ ಗೋಡೆಗೊರಗಿದ್ದ. ಅಂಕಯ್ಯನೂ ನೋಡುತ್ತಿರಲಿಲ್ಲ, ಅವನ ಟೈರು ಇಳಿದಿತ್ತು, ಬಗ್ಗಿ ಪಂಪು ಹೊಡೆಯುತ್ತಿದ್ದ. ಸೈಕಲ್ ಇಳಿದು, ಅವನು ಬರಲಿ ಎಂದು ರಸ್ತೆಯ ಬದಿ ನೆರಳಿನಲ್ಲಿ ನಿಂತುಕೊಂಡೆ.