ಪ್ರಾಪರ್ ಚಾನೆಲ್

ರಂಜನಿಯ ಅಪ್ಪ ರಾಮಪ್ರಸಾದ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ರಜೆಯಿಂದ ಹಿಡಿದು ಜಗಳದವರೆಗೆ ಎಲ್ಲವೂ ಪ್ರಾಪರ್ ಚಾನೆಲ್‌ನಲ್ಲೇ ಹೋಗಬೇಕು ಎಂಬುದು ಆ ಮನೆಯ ಕುಲಾಚಾರ. ದೇವರಿಗೆ ಹೇಳಿಕೊಳ್ಳುವುದನ್ನೂ ಅವರು ಪೂಜಾರಿಯ ಮೂಲಕವೇ ಹೇಳುತ್ತಿದ್ದರು.

ರಂಜನಿಗೆ ಪೀಣ್ಯದ ಕಂಟ್ರೋಲ್ ರೂಮಿನಲ್ಲಿ ಕೆಲಸ. ಬೀದಿಬೀದಿಯ ಸರ್ಕಾರಿ ಕ್ಯಾಮೆರಾಗಳನ್ನು ಕೂತಲ್ಲೇ ನೋಡುವುದು. ಹಾಕಿದ್ದೇನೋ ಕಳ್ಳರನ್ನು ಹಿಡಿಯಲಿಕ್ಕೆ. ಈಗ ಮೇಲಿನಿಂದ ಬೇರೆ ಆದೇಶ ಬಂದಿತ್ತು. ಕೂಲಿ ಹೆಚ್ಚಿಸಿ ಎಂದು ಲಗ್ಗೆರೆಯಲ್ಲಿ ಸಭೆ ಸೇರುವ ಗಾರ್ಮೆಂಟ್ ಹೆಂಗಸರ ಬೆನ್ನು ಹತ್ತಿ, ಎಲ್ಲಿಗೆ ಹೋಗುತ್ತಾರೆ, ಯಾರನ್ನು ಕಾಣುತ್ತಾರೆ ಎಂದು ತಿಳಿಸಬೇಕು. ಮೇಲಿನವರ ಬಳಿ ಮುಖಗಳಿದ್ದವು, ಹೆಸರುಗಳಿರಲಿಲ್ಲ. ಅದರಲ್ಲೊಂದು ಮುಖ ರಂಜನಿಗೆ ಗೊತ್ತಿತ್ತು. ಬಾಗಲಗುಂಟೆಯಲ್ಲಿ ಅವರ ಮನೆಯ ಹಿಂದಿನ ಓಣಿಯ ಬಾಡಿಗೆ ಕೋಣೆಯಲ್ಲಿದ್ದ ಹೊಳೆವ್ವ. ಬೇಲಿಯೇ ಎದ್ದು ಹೊಲ ಮೇಯುತ್ತಿದೆಯಲ್ಲ ಎನಿಸಿತು ರಂಜನಿಗೆ. ಹೇಗಾದರೂ ಹೊಳೆವ್ವನನ್ನು ಉಳಿಸಬೇಕು.

ಅವಳ ಕಿವಿಗೆ ಒಂದು ಮಾತು ಹಾಕಿದ್ದರೆ ಸಾಕಿತ್ತು. ಆದರೆ ಅದು ಚಾನೆಲ್ ಅಲ್ಲವಲ್ಲ. "ಇಲಾಖೆಯೋರ ತಪ್ಪು ಹಿಡಿಯೋಕೇ ವಿಜಿಲೆನ್ಸ್ ಇರೋದು ಕಣಮ್ಮ, ಅಲ್ಲಿಗೆ ಹೋಗು" ಎಂದರು ಅಪ್ಪ. ಹೋದಳು.

ವಿಜಿಲೆನ್ಸ್ ಅಧಿಕಾರಿ ಕೃಷ್ಣಪ್ಪ ಕೂರಿಸಿ ಕಾಫಿ ತರಿಸಿದರು. "ನಿಮ್ಮಂಥೋರು ಇರೋದ್ರಿಂದಾನೇ ಮಳೆ ಬೆಳೆ ಆಗ್ತಿರೋದು ಮೇಡಂ. ಆದ್ರೆ ಸುಮ್ನೆ ಹೆಂಗಸರು ಅಂತ ಹೇಳಿದ್ರೆ ಕಂಪ್ಲೇಂಟ್ ನಿಲ್ಲಲ್ಲ. ಅನ್ಯಾಯ ಯಾರಿಗಾಗ್ತಿದೆ? ಒಂದು ಹೆಸರು, ವಿಳಾಸ ಬೇಕು."

ರಂಜನಿ ಕೊಟ್ಟಳು. ಓಣಿಯೊಳಗೆ ಯಾವ ಕಡೆ ತಿರುಗಬೇಕೆಂಬುದನ್ನೂ ಬಿಡಿಸಿ ಹೇಳಿದಳು. ಕುರಿ ಕಟುಕನನ್ನೇ ನಂಬುವುದು.

ನಿಯಮದ ಪ್ರಕಾರ ದೂರು, ವಿವರಣೆ ಕೇಳಲೆಂದು, ಬೆನ್ನು ಹತ್ತುವ ಆದೇಶ ಕೊಟ್ಟವರ ಮೇಜಿಗೇ ಹೋಯಿತು. ರಂಜನಿಯ ಹೆಸರನ್ನು ಮಾತ್ರ ಅಳಿಸಿದ್ದರು, ಹೊಳೆವ್ವನದು ವಿಳಾಸದ ಸಮೇತ ಹಾಗೇ ಇತ್ತು. ವಾರ ಕಳೆಯುವುದರೊಳಗೆ, ಹೊಳೆವ್ವ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಾಗ ಜೀಪು ಬಂದು ನಿಂತಿತು. ವಿಚಾರಣೆಗೆಂದು ಕರೆದೊಯ್ದರು. ಆಮೇಲೆ ಯಾವ ಠಾಣೆಯಲ್ಲಿ ಕೇಳಿದರೂ ಅಂಥವಳು ಇಲ್ಲಿಲ್ಲ ಎಂದರು.

ಅವಳ ಗಂಡ ಹಣಮಂತ ಠಾಣೆಗಳನ್ನೆಲ್ಲ ಸುತ್ತಿ ರಂಜನಿಯ ಬಾಗಿಲಿಗೆ ಬಂದ. ಕರೆದರೂ ಒಳಗೆ ಬರಲಿಲ್ಲ.

"ಅಕ್ಕಾರ, ಆಕಿ ಹೆಸರು, ಮನಿ ಯಾರೋ ತೋರಿಸಿಕೊಟ್ಟಾರ್ರಿ. ನೀವು ಕ್ಯಾಮೆರಾ ಆಫೀಸಿನ್ಯಾಗ ಇದ್ದೀರಿ. ಅವ ಯಾರಂತ ಅದರಾಗ ನೋಡಿ ಹೇಳ್ರಿ. ನಿಮ್ಮನ್ನ ಬಿಟ್ರ ನಮಗ ಇಲ್ಲಿ ಯಾರದಾರ?"

ರಂಜನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನಿಜ ಬಾಯಿಯವರೆಗೂ ಬಂತು, ಹೆದರಿಕೆ ಅದನ್ನು ನುಂಗಿತು.

"ನೋಡ್ತೀನಿ ಅಣ್ಣ" ಎಂದಳು.

ಹಣಮಂತ ಬಗ್ಗಿ ಅವಳ ಕಾಲು ಮುಟ್ಟಿ ನಮಸ್ಕರಿಸಿದ.