ಕೇಳದೆ ಕೊಳ್ಳಬೇಡಿ

ನಮ್ಮ ಯಜಮಾನರು ಕೊಳಲು ಬಿಟ್ಟಿದ್ದು ಕಿವಿ ಕೈಕೊಟ್ಟ ಮೇಲೆ. ನುಡಿಸಿದ್ದು ತನಗೇ ಕೇಳದಿದ್ದರೆ ಊದಿ ಏನು ಪ್ರಯೋಜನ ಎಂದು ಅದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು. ಆಮೇಲೆ ಮಾತೂ ಕಡಿಮೆಯಾಯಿತು. ಕೂಗುವ ಕೆಲಸ ನನ್ನ ಪಾಲಿಗೆ ಬಂತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ, ಈಗ ಗಂಟಲೂ ಜೊತೆ ಸೇರಿತು.

ದಪ್ಪ ದನಿಯ ಕೊಳಲು ಕೊಡಿಸಿದರೆ ಕೇಳಿಸೀತೇನೋ ಎಂದು ನನಗೊಂದು ಆಸೆ. "ಫೋನಲ್ಲಿ ಒತ್ತಿದ್ರೆ ಮನೆ ಬಾಗಿಲಿಗೇ ಬರುತ್ತೆ ಅತ್ತೆ," ಎಂದ ಅಳಿಯ. ಬಂದದ್ದೂ ಕೇಳಿಸದಿದ್ದರೆ? ಅದನ್ನೂ ಬೀರುವಿನ ಮೇಲೆ ಇಡಬೇಕಾದೀತು. ಹಾಗಾಗಿ ಹಿಂದಿನ ಬೀದಿಯ ವಾದ್ಯದಂಗಡಿಗೆ ಅವರನ್ನು ಎಳೆದುಕೊಂಡು ಹೋದೆ.

ಆ ಅಂಗಡಿ ಎಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದಾರೆ: ಕೇಳದೆ ಕೊಳ್ಳಬೇಡಿ. ಎಂಥ ದರ್ಪ! ಆ ದಿನ ಬಾಯಿ ಬಿಟ್ಟೇ ಅಂದೆ, "ದುಡ್ಡು ನಮ್ದು. ಕೊಳ್ಳೋಕೆ ಯಾರನ್ನ ಕೇಳ್ಬೇಕು?"

ಅಂಗಡಿಯಾಕೆ ನಕ್ಕಳು. "ನನ್ನನ್ನಲ್ಲ ಅಮ್ಮ, ವಾದ್ಯಾನ ಕೇಳಿ. ನಮ್ಮಪ್ಪ ಬರೆಸಿದ್ದು. ಎಲ್ರೂ ಹೀಗೇ ಬೈಕೊಂಡು ಒಳಗೆ ಬರ್ತಾರೆ."

ಗೋಡೆ ಓದಿದ ಯಜಮಾನರು, "ನನಗೆ ಕೇಳಲ್ವಲ್ಲ. ಹಾಗಾದ್ರೆ ನಾನು ಕೊಳ್ಳೋ ಹಾಗಿಲ್ಲ," ಎಂದರು. ತಮಾಷೆಗೆ ಹೇಳಿದ್ದು, ಆದರೆ ನಾನು ನಗದೆ ಅವರನ್ನು ಅಲ್ಲೇ ಕೂರಿಸಿ, ದಪ್ಪ ದನಿಯ ಕೊಳಲು ತೋರಿಸು ಎಂದು ಆಕೆಗೆ ಹೇಳಿದೆ.

ಆಕೆ ಒಂದಾದ ಮೇಲೊಂದು ಕೊಳಲು ಕೊಟ್ಟಳು. ಅವರು ಊದಿ, ತಲೆಯಾಡಿಸಿ, ಹಿಂದಿರುಗಿಸಿದರು. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು, ಬಿಡಮ್ಮ," ಎಂದು ಎದ್ದರು.

ಆಕೆ ಬಿಡಲಿಲ್ಲ. ಭುಜ ಹಿಡಿದು ಮತ್ತೆ ಕೂರಿಸಿದಳು. ಸುಮ್ಮನೆ ಕೂತ ಮನುಷ್ಯನ ಮುಖ ನೋಡಲಾರದೆಯೋ ಏನೋ, ತಾನು ತಂತಿ ಹಾಕುತ್ತಿದ್ದ ಪಿಟೀಲನ್ನು ಅವರ ಕೈಗೆ ಕೊಟ್ಟು, ಅಲ್ಲಾಡದ ಹಾಗೆ ಹಿಡಿದುಕೊಳ್ಳಿ ಎಂದು ಸನ್ನೆ ಮಾಡಿದಳು. ಇವರು ಅದನ್ನು ಗದ್ದದ ಕೆಳಗೆ ಒತ್ತಿ ಹಿಡಿದರು. ಆಕೆ ಬಿರಡೆ ತಿರುಗಿಸಿ ತಂತಿ ಮೀಟಿದಳು.

ಯಜಮಾನರು ಬೆಚ್ಚಿಬಿದ್ದರು. ಕಿವಿ ಮುಟ್ಟಿಕೊಂಡರು, ಆಮೇಲೆ ದವಡೆ. "ಇನ್ನೊಂದ್ಸಲ," ಎಂದರು. ಆಕೆ ಮತ್ತೆ ಮೀಟಿದಳು. ಕಿವಿಯ ದಾರಿ ಮುಚ್ಚಿದ್ದರೇನು, ಸ್ವರ ದವಡೆಯ ಎಲುಬಿನ ದಾರಿ ಹಿಡಿದಿತ್ತು. ಬೆರಗಾದ ಆಕೆ ಓಡಿಹೋಗಿ ಕಮಾನು ತಂದುಕೊಟ್ಟಳು.

ಅವರು ಎಳೆದ ಮೊದಲ ಸ್ವರಕ್ಕಿಂತ ನಮ್ಮ ಬಚ್ಚಲ ಬಾಗಿಲೇ ವಾಸಿ. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಒಳಗೆ ಇಣುಕಿದರು. ಇವರು ಕಣ್ಣು ಮುಚ್ಚಿಕೊಂಡು ಮತ್ತೆ ಎಳೆದರು, ಮತ್ತೆ ಎಳೆದರು. ಕೆನ್ನೆ ಒದ್ದೆಯಾಗಿತ್ತು. ನಮಗೆ ಪಿಟೀಲು ಬೇಕೆಂದು ಫೋನಿಗೆ ಯಾರು ಹೇಳುತ್ತಿದ್ದರು? ನಮಗೇ ಗೊತ್ತಿರಲಿಲ್ಲವಲ್ಲ.

ನಾನು ಎಂದಿನಂತೆ ಗಂಟಲು ಹರಿದುಕೊಂಡೆ. "ರೀ, ಇದನ್ನೇ ಕೊಳ್ಳೋದಾ?"

ಅವರು ಕಣ್ಣು ತೆರೆಯಲಿಲ್ಲ.

"ಕೂಗಬೇಡ ಕಣೇ," ಎಂದರು. "ಕೇಳ್ತಾ ಇದೀನಿ."